ನಡೆದು ನೂರು ದಾಟಿದ ಸರ್ ಎಂ. ವಿಶ್ವೇಶ್ವರಯ್ಯ



ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ ಮಚ್ಛೆ ಎಂಬ ಊರು ಸಿಗುತ್ತದೆ. ಅಲ್ಲಿ ಜ್ಞಾನ ಸಂಗಮ ಎಂಬ ವಿಶಾಲವಾದ ಆವರಣವಿದೆ. ಅದೇ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ. ನಮ್ಮ ಸಮಾಜದ ಅನೇಕ ಹುಡುಗ ಹುಡುಗಿಯರ ಎಂಜಿನಿಯರಿಂಗ್ ಪದವಿ ಪತ್ರದ ಮೇಲೆ ಈ ಹೆಸರು ಅಚ್ಚಾಗಿದೆ. ಬಸ್ಸಿನಲ್ಲಿ ಹೋಗುವಾಗ ಆ ಫಲಕವನ್ನು ನೀವೂ ಓದಿರುತ್ತೀರಿ.

ವಿಶ್ವೇಶ್ವರಯ್ಯನವರೆಂದರೆ ನಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ, ಮೈಸೂರು ಪೇಟ ನೆನಪಾಗುತ್ತದೆ, ಸಮಯಪಾಲನೆ ನೆನಪಾಗುತ್ತದೆ. ಶಾಲೆಯಲ್ಲಿ ಇಷ್ಟನ್ನು ಎಲ್ಲರೂ ಓದಿರುತ್ತೇವೆ. ಆದರೆ ಅವರ ಜೀವನದಲ್ಲಿ ಪಠ್ಯಪುಸ್ತಕಗಳು ಹೆಚ್ಚು ಹೇಳದ ಇನ್ನೊಂದು ಸಂಗತಿ ಇದೆ. ಅದು ಅವರ ನಡಿಗೆ. ತೊಂಬತ್ತು ದಾಟಿದ ಮೇಲೂ ತಮ್ಮ ಕಾಲ ಮೇಲೆ ತಾವೇ ನಿಂತು ನಡೆದವರು ಅವರು. ಇಂದು ಅರವತ್ತಕ್ಕೇ ಮಂಡಿ ಹಿಡಿದುಕೊಂಡು ಕೂರುವ ನಾವು ಆ ಜೀವನವನ್ನು ಇನ್ನೊಮ್ಮೆ ಓದಬೇಕಾಗಿದೆ. ಅದರ ಜೊತೆಗೆ, ನಡೆಯುವ ಕಾಲಿನೊಳಗೆ ಏನಿದೆ, ವಯಸ್ಸಾದಾಗ ಅದಕ್ಕೆ ಏನಾಗುತ್ತದೆ, ಸುಮ್ಮನೆ ಕುಳಿತರೆ ಏನಾಗುತ್ತದೆ ಎಂಬುದನ್ನೂ ತಿಳಿಯೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1860ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮನೆಯಲ್ಲಿ ವಿದ್ಯೆ ಇತ್ತು, ಹಣವಿರಲಿಲ್ಲ. ಹುಡುಗನಿಗೆ ಇನ್ನೂ ಎಳೆಯ ವಯಸ್ಸಿರುವಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ ಮುಗಿಸಿದ ಹುಡುಗ ಬೆಂಗಳೂರಿಗೆ ಬಂದು, ಸೋದರಮಾವನ ಆಸರೆಯಲ್ಲಿ ಸೆಂಟ್ರಲ್ ಕಾಲೇಜಿಗೆ ಸೇರಿದ. ಖರ್ಚಿಗಾಗಿ ಅನುಕೂಲಸ್ಥರ ಮನೆಯ ಮಕ್ಕಳಿಗೆ ಪಾಠ ಹೇಳಬೇಕಾಯಿತು. ಪಾಠ ಹೇಳುವ ಮನೆ ಒಂದು ಕಡೆ, ಊಟದ ಮನೆ ಇನ್ನೊಂದು ಕಡೆ, ಕಾಲೇಜು ಮತ್ತೊಂದು ಕಡೆ. ಈ ಮೂರರ ನಡುವೆ ದಿನವೂ ನಡಿಗೆ. ಬಡತನವೇ ಆ ಹುಡುಗನಿಗೆ ನಡೆಯುವುದನ್ನು ಕಲಿಸಿತು ಎನ್ನಬಹುದು.

ಪದವಿ ಪಡೆದ ಮೇಲೆ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿ, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. ಆಗ ಅವರಿಗೆ ಇಪ್ಪತ್ಮೂರು ವರ್ಷ.

ನಮ್ಮ ಬೆಳಗಾವಿ ಜಿಲ್ಲೆಯೂ ಅಂದು ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಅವರು ಸುಮಾರು ಇಪ್ಪತ್ನಾಲ್ಕು ವರ್ಷ ಈ ಪ್ರಾಂತ್ಯದಲ್ಲಿ ಕೆಲಸ ಮಾಡಿದರು. ನಾಸಿಕ, ಖಾನದೇಶ, ಪುಣೆಗಳಲ್ಲಿ ದುಡಿದರು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ನೀರನ್ನು ಶುದ್ಧಮಾಡಿ ಒದಗಿಸುವ ಕೆಲಸ ಮುಗಿಸಿಕೊಟ್ಟರು. ನಮ್ಮ ನೆರೆಯ ಧಾರವಾಡ ಮತ್ತು ವಿಜಾಪುರ ಪಟ್ಟಣಗಳ ನೀರಿನ ಯೋಜನೆಗಳಲ್ಲೂ ಅವರ ಕೈ ಇದೆ. 1903ರಲ್ಲಿ ಪುಣೆಯ ಹತ್ತಿರ ಖಡಕ್ವಾಸ್ಲಾ ಕೆರೆಗೆ, ನೀರು ಏರಿದಾಗ ತಾನಾಗಿ ತೆರೆದುಕೊಂಡು, ಇಳಿದಾಗ ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅಳವಡಿಸಿದರು. ಇದು ಅವರಿಗೆ ದೊಡ್ಡ ಹೆಸರು ತಂದಿತು.

ಅಂದಿನ ಎಂಜಿನಿಯರನಿಗೆ ಮೋಟಾರು ವಾಹನ ಇರಲಿಲ್ಲ ಎಂಬುದನ್ನು ನೆನಪಿಡಿ. ಕಾಲುವೆ ತೋಡಬೇಕಾದರೆ ಅದು ಹೋಗುವ ದಾರಿಯುದ್ದಕ್ಕೂ ಕುದುರೆಯ ಮೇಲೆ ಹೋಗಬೇಕು, ಇಲ್ಲವೇ ನಡೆಯಬೇಕು. ಗುಡ್ಡ ಹತ್ತಬೇಕು, ಹಳ್ಳ ಇಳಿಯಬೇಕು, ಸರಪಳಿ ಹಿಡಿದು ಅಳೆಯಬೇಕು. ಹೀಗೆ ಯೌವನದ ಇಡೀ ಕಾಲ ಅವರ ಕಾಲುಗಳು ದುಡಿದವು.

ಕಾಲಿನೊಳಗಿನ ಹಗ್ಗ

ಇಲ್ಲಿ ಸ್ವಲ್ಪ ನಿಂತು, ದುಡಿಯುವ ಕಾಲಿನೊಳಗೆ ಏನಿದೆ ಎಂದು ನೋಡೋಣ. ನಿಮ್ಮ ಕೈಯನ್ನು ಹಿಮ್ಮಡಿಯ ಮೇಲ್ಭಾಗಕ್ಕೆ ಒಯ್ದು ಎರಡು ಬೆರಳಿನಿಂದ ಹಿಡಿದು ನೋಡಿರಿ. ಹಗ್ಗದಂಥ ಗಟ್ಟಿಯಾದ ಒಂದು ವಸ್ತು ಸಿಗುತ್ತದೆ. ನಮ್ಮ ಕಡೆ ಇದನ್ನು ನರ ಎಂದೇ ಕರೆಯುತ್ತಾರೆ. ನರ ಹಿಡಿಯಿತು, ನರ ಎಳೆಯಿತು ಎನ್ನುತ್ತಾರೆ. ಆದರೆ ಇದು ನರವಲ್ಲ. ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಕಟ್ಟುವ ಹುರಿ ಇದು. ವಿಜ್ಞಾನದ ಪುಸ್ತಕಗಳಲ್ಲಿ ಇದರ ಹೆಸರು ಸ್ನಾಯುರಜ್ಜು. ಉರ್ದುವಿನಲ್ಲಿ ಇದನ್ನು ವತರ್ ಎನ್ನುತ್ತಾರೆ. ಅರಬ್ಬಿಯಿಂದ ಬಂದ ಈ ಶಬ್ದಕ್ಕೆ ಬಿಲ್ಲಿನ ಹೆದೆ ಎಂಬ ಅರ್ಥವೂ ಇದೆ. ಹೆಸರಿಟ್ಟವರು ತಿಳಿದೇ ಇಟ್ಟಿದ್ದಾರೆ. ಹೆದೆ ಸಡಿಲವಾದರೆ ಬಾಣ ದೂರ ಹೋಗದು.

ಸ್ನಾಯು ಎಷ್ಟೇ ಬಲವಾಗಿದ್ದರೂ ಮೂಳೆಯನ್ನು ನೇರವಾಗಿ ಎಳೆಯಲಾರದು. ಅದರ ಬಲವೆಲ್ಲ ಈ ಹುರಿಯ ಮೂಲಕವೇ ಮೂಳೆಗೆ ತಲುಪಬೇಕು. ಇದರ ರಚನೆಯೂ ನಮ್ಮ ರೈತರು ಹೊಸೆಯುವ ಪುಂಡಿನಾರಿನ ಹಗ್ಗದ ಹಾಗೆಯೇ ಇದೆ. ಕೊಲಾಜೆನ್ ಎಂಬ ಪ್ರೋಟೀನಿನ ಅತಿಸೂಕ್ಷ್ಮ ಎಳೆಗಳು ಸೇರಿ ನಾರಾಗುತ್ತವೆ. ನಾರುಗಳು ಸೇರಿ ಕಟ್ಟಾಗುತ್ತವೆ. ಕಟ್ಟುಗಳು ಸೇರಿ ಹುರಿಯಾಗುತ್ತದೆ. ಹಸಿ ಹುರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಆ ನೀರನ್ನು ತೆಗೆದರೆ ಉಳಿಯುವುದರಲ್ಲಿ ಬಹುಪಾಲು ಕೊಲಾಜೆನ್. ಈ ಎಳೆಗಳ ನಡುವೆ ಸಾಲಾಗಿ ಕೆಲವೇ ಜೀವಕೋಶಗಳು ಕುಳಿತಿರುತ್ತವೆ. ಹುರಿಯ ಮೇಲೆ ಬೀಳುವ ಎಳೆತವನ್ನು ತಿಳಿದು, ಅದಕ್ಕೆ ತಕ್ಕ ಹಾಗೆ ಹುರಿಯನ್ನು ನೋಡಿಕೊಳ್ಳುವುದು ಇವುಗಳ ಕೆಲಸ. ನಾವು ಓಡುವಾಗ ಹಿಮ್ಮಡಿಯ ಹುರಿಯ ಮೇಲೆ ದೇಹದ ತೂಕದ ಹಲವು ಪಟ್ಟು ಎಳೆತ ಬೀಳುತ್ತದೆ. ಆದರೂ ಅದು ಹರಿಯುವುದಿಲ್ಲ. ಸ್ವಲ್ಪ ಹಿಗ್ಗಿ, ಸ್ಪ್ರಿಂಗಿನಂತೆ ಮತ್ತೆ ಕುಗ್ಗಿ ಮುಂದಿನ ಹೆಜ್ಜೆಗೆ ಬಲ ಕೊಡುತ್ತದೆ.

ಇನ್ನೊಂದು ವಿಷಯ ಶಿಕ್ಷಕರೂ ಪಾಲಕರೂ ತಿಳಿಯಬೇಕಾದದ್ದು. 1950 ಮತ್ತು 60ರ ದಶಕಗಳಲ್ಲಿ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಅಣುಬಾಂಬ್ ಪರೀಕ್ಷೆ ನಡೆಸಿದಾಗ ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಏರಿತು. ಅದು ಆಹಾರದ ಮೂಲಕ ಮನುಷ್ಯರ ಮೈ ಸೇರಿತು. ಇದನ್ನೇ ಗುರುತಾಗಿ ಇಟ್ಟುಕೊಂಡು ಡೆನ್ಮಾರ್ಕಿನ ಸಂಶೋಧಕರು ಹಿಮ್ಮಡಿಯ ಹುರಿಯ ವಯಸ್ಸನ್ನು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. ಹುರಿಯ ನಡುಭಾಗ ಸುಮಾರು ಹದಿನೇಳು ವರ್ಷದವರೆಗೆ ಕಟ್ಟಲ್ಪಟ್ಟು, ಆಮೇಲೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ ಎಂದು ಅದರಿಂದ ತಿಳಿಯಿತು. ಅಂದರೆ ಎಪ್ಪತ್ತರ ಅಜ್ಜ ಇಂದು ನಡೆಯುತ್ತಿರುವುದು ತಾನು ಹುಡುಗನಾಗಿದ್ದಾಗ ಹೊಸೆದ ಹಗ್ಗದ ಮೇಲೆ.

ಹಾಗಿದ್ದರೆ ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವ ನಮ್ಮ ಶಾಲೆಗಳು ಯೋಚಿಸಬೇಡವೇ? ಹನ್ನೆರಡು ತುಂಬುತ್ತಲೇ ಹೆಣ್ಣುಮಕ್ಕಳ ಓಟ, ಹಗ್ಗದಾಟ, ಕುಂಟಾಟ ಎಲ್ಲವನ್ನೂ ನಿಲ್ಲಿಸಿಬಿಡುವ ನಮ್ಮ ಮನೆಗಳು ಯೋಚಿಸಬೇಡವೇ? ಹಗ್ಗ ಹೊಸೆಯುವ ಕಾಲದಲ್ಲೇ ನಾವು ಆ ಮಕ್ಕಳ ಕೈಯಿಂದ ನಾರು ಕಸಿದುಕೊಳ್ಳುತ್ತಿದ್ದೇವೆ. ಶಾಲೆಯ ಆವರಣದೊಳಗೇ ಅವರಿಗೆ ಆಡಲು ಜಾಗ, ಸಮಯ ಮಾಡಿಕೊಡುವುದು ಕಷ್ಟದ ಕೆಲಸವೇನಲ್ಲ.

ನಿವೃತ್ತಿಯಿಂದ ಆರಂಭವಾದ ಜೀವನ

ಮತ್ತೆ ವಿಶ್ವೇಶ್ವರಯ್ಯನವರ ಕಡೆಗೆ ಬರೋಣ. 1908ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಅವರು ಮುಂಬಯಿ ಸರ್ಕಾರದ ಕೆಲಸದಿಂದ ತಾವಾಗಿಯೇ ಬಿಡುಗಡೆ ಪಡೆದರು. ಪಿಂಚಣಿ ಇತ್ತು, ಹೆಸರಿತ್ತು. ಮನೆಯಲ್ಲಿ ಕುಳಿತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನಾವು ಇಂದು ಅವರನ್ನು ನೆನೆಯುವ ದೊಡ್ಡ ಕೆಲಸಗಳಲ್ಲಿ ಹೆಚ್ಚಿನವು ಆಮೇಲೆಯೇ ಆದವು.

ಅದೇ 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಹರಿದು ಸಾವಿರಾರು ಜನ ಸತ್ತರು. ನಿಜಾಮ್ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ ವಿಶ್ವೇಶ್ವರಯ್ಯನವರ ಸಲಹೆ ಕೇಳಿತು. ಅವರು ಹೋಗಿ ನದಿಯನ್ನೂ ನೆರೆ ಬಂದ ಪ್ರದೇಶವನ್ನೂ ಪರಿಶೀಲಿಸಿ, ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ನೆರೆಯನ್ನು ತಡೆಯಬೇಕೆಂದು ಯೋಜನೆ ಕೊಟ್ಟರು. ಮುಂದೆ ಕಟ್ಟಲ್ಪಟ್ಟ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಆಲೋಚನೆಯ ಫಲ. ನಮ್ಮಲ್ಲಿ ಅನೇಕರ ನೆಂಟರಿಷ್ಟರು ಹೈದರಾಬಾದಿನಲ್ಲಿದ್ದಾರೆ. ಅವರನ್ನು ನೆರೆಯಿಂದ ಕಾಯಲು, ಅವರಿಗೆ ನೀರು ಕೊಡಲು ಮುದ್ದೇನಹಳ್ಳಿಯ ಈ ಎಂಜಿನಿಯರ್ ದುಡಿದಿದ್ದಾರೆ ಎಂಬುದನ್ನು ಮರೆಯಬಾರದು.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟಿನ ಕೆಲಸ ಆರಂಭವಾಯಿತು. ಅದರ ಕೆಳಗಿನ ಬೃಂದಾವನ ಉದ್ಯಾನ ಮುಂದೆ ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಆದದ್ದು. 1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರೇ ದಿವಾನರು. ಆ ಆರು ವರ್ಷಗಳಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹುಟ್ಟಿಕೊಂಡವು.

ದಿವಾನಗಿರಿ ಬಿಟ್ಟಾಗ ಅವರಿಗೆ ಐವತ್ತೆಂಟು ತುಂಬಿತ್ತು. ಇಂದಿನ ಲೆಕ್ಕದಲ್ಲಿ ನಿವೃತ್ತಿಗೆ ಹತ್ತಿರದ ವಯಸ್ಸು. ಆಮೇಲೆ ಏನಾಯಿತು ನೋಡಿರಿ. 1923ರಿಂದ ಆರು ವರ್ಷ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು, ನಷ್ಟದಲ್ಲಿದ್ದ ಅದನ್ನು ದಾರಿಗೆ ತಂದರು. 1934ರಲ್ಲಿ ಭಾರತದ ಯೋಜಿತ ಆರ್ಥಿಕತೆಯ ಬಗ್ಗೆ ಪುಸ್ತಕ ಬರೆದರು. 1937ರಲ್ಲಿ, ಎಪ್ಪತ್ತು ದಾಟಿ ಎಷ್ಟೋ ವರ್ಷಗಳಾಗಿದ್ದರೂ, ಒರಿಸ್ಸಾದ ನೆರೆಹಾವಳಿಯ ಬಗ್ಗೆ ವರದಿ ಕೊಟ್ಟರು. 1946ರಲ್ಲಿ ಕೈಗಾರಿಕೋದ್ಯಮಿಗಳ ನಿಯೋಗವನ್ನು ಕರೆದುಕೊಂಡು ವಿದೇಶ ಪ್ರವಾಸ ಹೊರಟಾಗ ಅವರಿಗೆ ಎಂಬತ್ತೈದರ ಮೇಲಾಗಿತ್ತು. 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪುಸ್ತಕವಾಗಿ ತಂದರು.

ಈ ಎಲ್ಲ ವರ್ಷಗಳಲ್ಲೂ ಅವರ ದಿನಚರಿ ಕಟ್ಟುನಿಟ್ಟಾಗಿತ್ತು. ಹೊತ್ತಿಗೆ ಸರಿಯಾಗಿ ಏಳುವುದು, ಮಿತವಾದ ಊಟ, ಶುಭ್ರವಾದ ಉಡುಪು, ತಪ್ಪದ ವಾಯುಸೇವನೆ. ಸಂಜೆಯ ನಡಿಗೆ ಅವರ ಪಾಲಿಗೆ ಬೇಸರ ಕಳೆಯುವ ಸಾಧನವಾಗಿರಲಿಲ್ಲ, ಕಚೇರಿಯ ಕೆಲಸದಷ್ಟೇ ಮುಖ್ಯವಾದ ಕೆಲಸವಾಗಿತ್ತು.

ವಯಸ್ಸು ಮಾಡುವುದು, ಕೂರುವುದು ಮಾಡುವುದು

ವಯಸ್ಸಾದಾಗ ಹುರಿಗೆ ಏನೂ ಆಗುವುದಿಲ್ಲ ಎಂದು ಯಾರೂ ಹೇಳಲಾರರು. ಅದರ ಜೀವಕೋಶಗಳು ಕಡಿಮೆಯಾಗುತ್ತವೆ, ಉಳಿದವು ನಿಧಾನವಾಗುತ್ತವೆ. ನೀರಿನ ಅಂಶ ಇಳಿಯುತ್ತದೆ. ರಕ್ತದಲ್ಲಿರುವ ಸಕ್ಕರೆ ವರ್ಷಾನುಗಟ್ಟಲೆ ಕೊಲಾಜೆನ್ ಎಳೆಗಳಿಗೆ ಅಂಟಿ, ಅವುಗಳ ನಡುವೆ ಬೇಡದ ಗಂಟುಗಳನ್ನು ಹಾಕುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಬೇಗ ಆಗುತ್ತದೆ. ಹುರಿಗೆ ರಕ್ತನಾಳಗಳು ಕಡಿಮೆ ಇರುವುದರಿಂದ ಪೆಟ್ಟಾದರೆ ಮಾಯುವುದೂ ತಡ. ಇದೆಲ್ಲ ವಯಸ್ಸಿನ ಪಾಲು.

ಆದರೆ ನಾವು ವಯಸ್ಸಿನ ಲೆಕ್ಕಕ್ಕೆ ಬರೆಯುವ ಎಷ್ಟೋ ನಷ್ಟ ನಿಜವಾಗಿ ಕೂರುವಿಕೆಯ ಲೆಕ್ಕಕ್ಕೆ ಸೇರಬೇಕಾದದ್ದು. ಜೀವಂತ ಮನುಷ್ಯನ ಹುರಿ ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡ್ ಯಂತ್ರದಿಂದ ಅಳೆಯುವ ಕ್ರಮ 1990ರ ದಶಕದಲ್ಲಿ ಬಂದ ಮೇಲೆ ಇದು ಸ್ಪಷ್ಟವಾಯಿತು. ಯುರೋಪಿನ ಒಂದು ಅಧ್ಯಯನದಲ್ಲಿ ಆರೋಗ್ಯವಂತರಾದ ಗಂಡಸರನ್ನು 90 ದಿನ ಹಾಸಿಗೆಯ ಮೇಲೆಯೇ ಮಲಗಿಸಿದರು. ಬಾಹ್ಯಾಕಾಶಕ್ಕೆ ಹೋಗುವವರ ಮೈಗೆ ಏನಾಗುತ್ತದೆ ಎಂದು ತಿಳಿಯುವುದಕ್ಕಾಗಿ ಇದನ್ನು ಮಾಡಿದ್ದು. 2005ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಏನೂ ವ್ಯಾಯಾಮ ಮಾಡದೆ ಮಲಗಿದವರ ಮೀನಖಂಡದ ಹುರಿಯ ಬಿಗುವು ಶೇಕಡಾ 58ರಷ್ಟು ಇಳಿದಿತ್ತು. ಮಲಗಿದಲ್ಲೇ ಆಗಾಗ ಭಾರ ತಳ್ಳುವ ವ್ಯಾಯಾಮ ಮಾಡಿದವರಲ್ಲಿ ಇಳಿದದ್ದು ಶೇಕಡಾ 37. ಇವರು ಮುದುಕರಲ್ಲ, ರೋಗಿಗಳೂ ಅಲ್ಲ. ಮೂರೇ ತಿಂಗಳು ಮಲಗಿದ್ದರು, ಅಷ್ಟೇ.

ಬಿಗುವು ಎಂದರೆ ಬೆಳಿಗ್ಗೆ ಎದ್ದಾಗ ಮೈ ಹಿಡಿದುಕೊಳ್ಳುತ್ತದಲ್ಲ, ಅದಲ್ಲ. ಹುರಿಯನ್ನು ಎಳೆದಾಗ ಅದು ಎಷ್ಟು ಸಡಿಲ ಬೀಳದೆ ನಿಲ್ಲುತ್ತದೆ ಎಂಬುದು ಬಿಗುವು. ಬಾವಿಯಿಂದ ನೀರು ಸೇದುವವರಿಗೆ ಇದು ಗೊತ್ತು. ಹಗ್ಗ ಬಿಗಿಯಾಗಿದ್ದರೆ ಎಳೆದ ಕೂಡಲೇ ಕೊಡ ಮೇಲೇಳುತ್ತದೆ. ಹಗ್ಗ ಸಡಿಲವಿದ್ದರೆ ಮೊದಲು ಸಡಿಲವನ್ನು ಎಳೆದು ಮುಗಿಸಬೇಕು, ಆಮೇಲೆ ಕೊಡ ಅಲುಗಬೇಕು. ಬಚ್ಚಲಿನಲ್ಲಿ ಕಾಲು ಜಾರಿದಾಗ ಮೈಯನ್ನು ತಡೆಯಲು ನಮಗೆ ಸಿಗುವುದು ಕ್ಷಣದಲ್ಲಿ ಒಂದು ಪಾಲು. ಆ ಹೊತ್ತೆಲ್ಲ ಸಡಿಲ ಎಳೆಯುವುದರಲ್ಲೇ ಕಳೆದುಹೋದರೆ ಮುದುಕರು ಬೀಳುತ್ತಾರೆ, ತೊಡೆಯ ಮೂಳೆ ಮುರಿಯುತ್ತದೆ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಈ ನಷ್ಟ ಹೊರಗೆ ಕಾಣುವುದಿಲ್ಲ. ಹುರಿಯ ದಪ್ಪ ಹೆಚ್ಚು ಬದಲಾಗುವುದಿಲ್ಲ, ಒಳಗಿನ ಗುಣ ಮಾತ್ರ ಕೆಡುತ್ತದೆ.

ಸಂತೋಷದ ಸಂಗತಿಯೂ ಇದೆ. ಇಂಗ್ಲೆಂಡಿನಲ್ಲಿ ಸರಾಸರಿ 74 ವರ್ಷದ ಹಿರಿಯರಿಗೆ 14 ವಾರ, ವಾರಕ್ಕೆ ಮೂರು ಸಲ, ಕಾಲಿನಿಂದ ಭಾರ ತಳ್ಳುವ, ಎತ್ತುವ ವ್ಯಾಯಾಮ ಮಾಡಿಸಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರ ಮಂಡಿಯ ಹುರಿಯ ಬಿಗುವು ಶೇಕಡಾ 65ರಷ್ಟು ಹೆಚ್ಚಿತ್ತು. ನಡುಭಾಗದ ನಾರು ಹಳೆಯದೇ ಇರಬಹುದು. ಆದರೂ ಹುರಿ ಸತ್ತಿಲ್ಲ. ಕೆಲಸ ಕೊಟ್ಟರೆ ಅದು ಎಪ್ಪತ್ತರಲ್ಲೂ ಬಿಗಿಯಾಗುತ್ತದೆ.

ತುಕ್ಕು ಹಿಡಿಯುವುದಕ್ಕಿಂತ ದುಡಿದು ಸವೆಯುವುದು ಮೇಲೆಂಬ ವಿಚಾರ ವಿಶ್ವೇಶ್ವರಯ್ಯನವರದೆಂದು ನಮ್ಮ ಜನ ನೆನೆಯುತ್ತಾರೆ. ಕಬ್ಬಿಣದ ನಡುವೆ ಬಾಳಿದ ಎಂಜಿನಿಯರಿಗೆ ಆ ಹೋಲಿಕೆ ಸಹಜ. ಆದರೆ ದೇವರು ಕೊಟ್ಟ ಈ ಹುರಿ ಕಬ್ಬಿಣಕ್ಕಿಂತ ಮೇಲಿನದು. ಕಬ್ಬಿಣ ಕೂತರೆ ತುಕ್ಕು ಹಿಡಿಯುತ್ತದೆ, ದುಡಿದರೆ ಸವೆಯುತ್ತದೆ. ಎರಡೂ ನಷ್ಟವೇ. ಹುರಿಯಾದರೋ ಹದವಾಗಿ ದುಡಿಸಿದರೆ ಗಟ್ಟಿಯಾಗುತ್ತದೆ.

ಗಂಗೆಯ ದಡದಲ್ಲಿ

1952ರಲ್ಲಿ ಬಿಹಾರದಲ್ಲಿ ಗಂಗಾನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಬಂದಾಗ ಭಾರತ ಸರ್ಕಾರ ವಿಶ್ವೇಶ್ವರಯ್ಯನವರ ಅಭಿಪ್ರಾಯ ಕೇಳಿತು. ಅವರಿಗೆ ಆಗ ತೊಂಬತ್ತೆರಡರ ಪ್ರಾಯ. ನಕ್ಷೆ ತರಿಸಿ ಮನೆಯಲ್ಲೇ ನೋಡಿ ಹೇಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ, ಸ್ಥಳಕ್ಕೇ ಹೋದರು. ಸುಡುವ ಬಿಸಿಲು. ಒಂದು ಹಂತದ ಮುಂದೆ ಕಾರು ಹೋಗುವ ದಾರಿ ಇರಲಿಲ್ಲ. ಈ ವಯೋವೃದ್ಧರನ್ನು ಹೊತ್ತುಕೊಂಡು ಹೋಗಲು ಅಧಿಕಾರಿಗಳು ಕುರ್ಚಿಯ ಏರ್ಪಾಡು ಮಾಡಿದ್ದರು. ಅವರು ಕುರ್ಚಿಯನ್ನು ಮುಟ್ಟಲಿಲ್ಲ. ಕಾರಿನಿಂದ ಇಳಿದು ಚುರುಕಾಗಿ ನಡೆದೇ ಹೋದರು ಎಂದು ಅವರ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ. ಮುಂದೆ ಮೊಕಾಮಾ ಬಳಿ ರೈಲು ಮತ್ತು ರಸ್ತೆ ಎರಡಕ್ಕೂ ಆಗುವ ಸೇತುವೆ ಆಯಿತು, 1959ರಲ್ಲಿ ಅದು ತೆರೆಯಿತು.

1955ರಲ್ಲಿ ಅವರಿಗೆ ಭಾರತರತ್ನ ದೊರೆಯಿತು. 1960ರಲ್ಲಿ ಬೆಂಗಳೂರಿನಲ್ಲಿ ನಡೆದ ಅವರ ನೂರನೆಯ ಹುಟ್ಟುಹಬ್ಬಕ್ಕೆ ಪ್ರಧಾನಿ ನೆಹರೂ ಅವರೇ ಬಂದಿದ್ದರು. 1962ರ ಏಪ್ರಿಲ್‌ನಲ್ಲಿ, ನೂರ ಒಂದು ವರ್ಷದ ತುಂಬು ಬಾಳು ಮುಗಿಯಿತು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅವರ ಅಂತ್ಯಕ್ರಿಯೆ ನಡೆಯಿತು. ಅವರ ಹುಟ್ಟಿದ ದಿನವನ್ನು ದೇಶ ಇಂದಿಗೂ ಎಂಜಿನಿಯರುಗಳ ದಿನವಾಗಿ ಆಚರಿಸುತ್ತದೆ.

ನಡೆದವರೆಲ್ಲ ನೂರು ವರ್ಷ ಬಾಳುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆಯಸ್ಸು ನಮ್ಮ ಕೈಯಲ್ಲಿಲ್ಲ. ಅವರಿಗಿಂತ ಹೆಚ್ಚು ನಡೆದ, ಹೆಚ್ಚು ಭಾರ ಹೊತ್ತ ಕೂಲಿಕಾರರು ಅರೆಹೊಟ್ಟೆಯಿಂದಾಗಿ, ಔಷಧಿ ಸಿಗದೆ ಬೇಗ ಹೋಗಿದ್ದಾರೆ. ಒಬ್ಬರ ಬಾಳಿನಿಂದ ನಿಯಮ ಮಾಡಲು ಬಾರದು. ಆದರೆ ಇರುವಷ್ಟು ದಿನ ಇನ್ನೊಬ್ಬರ ಕೈ ಹಿಡಿಯದೆ ಎದ್ದು ನಿಲ್ಲುವುದು ಬಹಳ ಮಟ್ಟಿಗೆ ನಮ್ಮ ಕೈಯಲ್ಲಿದೆ.

ನಾವು ಕೊಡುವ ಕುರ್ಚಿ

ಈಗ ನಮ್ಮ ಮನೆಗಳ ಕಡೆಗೆ ನೋಡೋಣ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ನಂದಗಡ, ಲೋಂಡಾ ಕಡೆಯ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಅಜ್ಜಿಯರು ಅಂಗಳ ಗುಡಿಸುತ್ತಾರೆ, ನೀರು ತರುತ್ತಾರೆ, ಭತ್ತದ ಗದ್ದೆಯ ಬದುವಿನ ಮೇಲೆ ನಡೆಯುತ್ತಾರೆ, ಸಂತೆಗೆ ಹೋಗಿ ಬರುತ್ತಾರೆ. ಅಂಥ ತಾಯಿಯನ್ನು ಬೆಳಗಾವಿಯಲ್ಲಿ ನೌಕರಿ ಮಾಡುವ ಮಗ ಪ್ರೀತಿಯಿಂದ ತನ್ನ ಮನೆಗೆ ಕರೆತರುತ್ತಾನೆ. ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ಆರಾಮಾಗಿ ಕುಳಿತುಕೊಳ್ಳಿ ಅಮ್ಮೀ ಎನ್ನುತ್ತಾನೆ. ಸೊಸೆ ಕಸಬರಿಗೆಯನ್ನು ಕೈಯಿಂದ ಇಸಿದುಕೊಳ್ಳುತ್ತಾಳೆ. ಮೊಮ್ಮಗಳು ದಾದಿಗೆ ನೀರಿನ ಲೋಟ ಮಂಚಕ್ಕೇ ತಂದುಕೊಡುತ್ತಾಳೆ. ಎಲ್ಲರದೂ ಒಳ್ಳೆಯ ಮನಸ್ಸೇ. ಮಹಡಿಯ ಮೆಟ್ಟಿಲು ಕಷ್ಟವೆಂದು ಹೊರಗೆ ಹೋಗುವುದೂ ನಿಲ್ಲುತ್ತದೆ. ಆರು ತಿಂಗಳಲ್ಲಿ ಆ ತಾಯಿಗೆ ನೆಲದಿಂದ ಏಳಲು ಎರಡು ಕೈ ಬೇಕಾಗುತ್ತದೆ. ವಯಸ್ಸಾಯಿತು ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಆರು ತಿಂಗಳಲ್ಲಿ ಯಾರಿಗೂ ಅಷ್ಟು ವಯಸ್ಸಾಗುವುದಿಲ್ಲ. ಅದು ಕೂತದ್ದರ ಫಲ.

ಹಿರಿಯರಿಗೆ ಗೌರವ ಕೊಡುವುದು ನಮ್ಮ ಸಂಸ್ಕಾರ. ಹಿರಿಯರು ಬಂದರೆ ಎದ್ದು ನಿಂತು ಕುರ್ಚಿ ಕೊಡುವುದನ್ನು ಮಕ್ಕಳಿಗೆ ನಾವೇ ಕಲಿಸುತ್ತೇವೆ, ಕಲಿಸಲೇಬೇಕು. ಆದರೆ ಕುರ್ಚಿ ಕೊಡುವುದು ಬೇರೆ, ಕುರ್ಚಿಗೆ ಕಟ್ಟಿಹಾಕುವುದು ಬೇರೆ. ಅವರ ಕೈಯಲ್ಲಿದ್ದ ಕೆಲಸವನ್ನೆಲ್ಲ ಕಿತ್ತುಕೊಂಡರೆ ಅದು ಸೇವೆಯ ಹೆಸರಿನಲ್ಲಿ ಅವರ ಕಾಲನ್ನು ಕಸಿದುಕೊಂಡಂತೆ. ನಮ್ಮ ಮಸೀದಿಗಳ ಸಾಲುಗಳಲ್ಲಿ ಕುರ್ಚಿಗಳು ಹೆಚ್ಚಿರುವುದನ್ನು ನೀವೂ ನೋಡಿರಬಹುದು. ನಿಜವಾಗಿ ಮಂಡಿ ಕೆಟ್ಟವರಿಗೆ ಕುರ್ಚಿ ಬೇಕೇ ಬೇಕು, ಅದರಲ್ಲಿ ಸಂಕೋಚವಿಲ್ಲ. ಆದರೆ ಇನ್ನೂ ಬಾಗಿ, ಕುಳಿತು, ಏಳಬಲ್ಲವರು ಅದನ್ನು ರೂಢಿಯಿಂದಷ್ಟೇ ಬಿಡಬಾರದು. ಬಿಟ್ಟರೆ ಮರಳಿ ಬರುವುದು ಕಷ್ಟ.

ಏನು ಮಾಡಬಹುದು?

ನಡಿಗೆ ಒಳ್ಳೆಯದು. ಹೃದಯಕ್ಕೂ ಮನಸ್ಸಿಗೂ ಒಳ್ಳೆಯದು. ಬೆಳಗಾವಿಯವರಿಗೆ ಕೋಟೆ ಕೆರೆಯ ಸುತ್ತ, ಕ್ಯಾಂಪಿನ ಮರಗಳ ಕೆಳಗೆ ನಡೆಯುವ ಭಾಗ್ಯ ಇದೆ. ಆದರೆ ಹುರಿಗೆ ಸಮತಟ್ಟಾದ ನೆಲದ ನಡಿಗೆ ಒಂದೇ ಸಾಲದು, ಅದಕ್ಕೆ ಸ್ವಲ್ಪ ಭಾರ ಬೇಕು. ಮೆಟ್ಟಿಲು ಹತ್ತುವುದು, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವುದು, ಇವು ಮನೆಯಲ್ಲೇ ಆಗುವಂಥವು. ಖರ್ಚಿಲ್ಲ. ಹೆಣ್ಣುಮಕ್ಕಳು ಅಡುಗೆಮನೆಯಲ್ಲೇ ಮಾಡಬಹುದು.

ಅವಸರ ಮಾತ್ರ ಬೇಡ. ಸ್ನಾಯು ಕೆಲವು ವಾರಗಳಲ್ಲಿ ಬಲ ಪಡೆದರೆ, ಹುರಿ ಗಟ್ಟಿಯಾಗಲು ತಿಂಗಳುಗಳು ಬೇಕು. ವರ್ಷಗಟ್ಟಲೆ ಕುಳಿತವರು ಒಂದೇ ದಿನ ಹುರುಪಿನಿಂದ ಓಡಿದರೆ ಹುರಿ ಹರಿಯುವ ಅಪಾಯವಿದೆ. ನಲವತ್ತು ದಾಟಿದವರು ಶಾಲೆಯ ವಾರ್ಷಿಕ ಕ್ರೀಡಾಕೂಟದ ದಿನ ಇದನ್ನು ನೆನಪಿಡಬೇಕು. ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಆಂಟಿಬಯೋಟಿಕ್ ಮಾತ್ರೆಗಳಿಂದಲೂ, ಅದರಲ್ಲೂ ಅರವತ್ತು ದಾಟಿದವರಲ್ಲಿ ಮತ್ತು ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲಿ, ಹುರಿ ಹರಿಯುವ ಸಂಭವ ಹೆಚ್ಚು. ಆದ್ದರಿಂದ ಅಂಥ ಮಾತ್ರೆಗಳನ್ನು ಅಂಗಡಿಯಿಂದ ಕೇಳಿ ನುಂಗಬಾರದು. ಹೃದಯದ ತೊಂದರೆ, ಮೂಳೆ ಮುರಿತ, ಊದಿದ ಮಂಡಿ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಹುಷಾರಿಲ್ಲದೆ ಮಲಗಬೇಕಾಗಿ ಬಂದರೂ, ಹಾಸಿಗೆಯಲ್ಲೇ ಏನು ವ್ಯಾಯಾಮ ಮಾಡಬಹುದೆಂದು ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು.

ಓದುಗ ಬಾಂಧವರೇ, ನಾವು ಸಂಸ್ಥೆ ಕಟ್ಟಿ ಶಾಲೆ ನಡೆಸುವುದು ಮಕ್ಕಳು ತಮ್ಮ ಕಾಲ ಮೇಲೆ ತಾವು ನಿಲ್ಲಲಿ ಎಂದು. ಆ ನುಡಿಗಟ್ಟಿಗೆ ನೇರವಾದ ಅರ್ಥವೂ ಒಂದು ಇದೆ. ಮಕ್ಕಳಿಗೆ ಆಟದ ಬಯಲು ಕೊಡೋಣ. ನಿವೃತ್ತರಾದ ಗುರುಗಳಿಗೆ ಶಾಲು ಹೊದಿಸಿ ಮನೆಗೆ ಕಳಿಸುವುದರ ಬದಲು, ವಾರಕ್ಕೆರಡು ದಿನ ಶಾಲೆಗೆ ಬಂದು ಪಾಠ ಹೇಳಿರೆಂದು ಕೇಳೋಣ. ಮನೆಯ ಹಿರಿಯರು ತಾವೇ ಎದ್ದು ಲೋಟ ನೀರು ತೆಗೆದುಕೊಳ್ಳಲು ಹೊರಟರೆ ಓಡಿಹೋಗಿ ತಡೆಯದಿರೋಣ. ಬೀಳದಂತೆ ಪಕ್ಕದಲ್ಲಿ ನಡೆದರೆ ಸಾಕು.